ಅರಿಶಿಣ ಕೆಂಪಾದರೆ ಅಂಜಬೇಡಿ!

ಹಲಬರ್ಗಾದಂಥ ಊರಲ್ಲಿ ಮದುವೆ ಮನೆಯ ಊಟ ಮುಗಿಸಿ ಬಂದಿದ್ದೀರಿ ಅನ್ನಿ. ಬಿಳಿ ಕುಪ್ಪಸದ ಮೇಲೆ ಅರಿಶಿಣದ ಕಲೆ. ಸಬಕಾರ ಹಚ್ಚಿದ ಕೂಡಲೇ ಹಳದಿ ಹೋಗಿ ಕಡುಗೆಂಪು! “ಅಯ್ಯ ನಮ್ಮವ್ವಾ, ಇದೇನ್ ರಕ್ತ ಇಳಿದ ಹಂಗ ಆಯ್ತಲ್ಲ!” ಎಂದು ಅತ್ತೆಯವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಇದು ಅರಿಶಿಣದ ಗುಣ.

ಅರಿಶಿಣದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. ಹುಳಿಯಲ್ಲಿ ಇದು ಹಳದಿ, ಸಬಕಾರ, ಸುಣ್ಣಗಳಂಥ ಕ್ಷಾರದಲ್ಲಿ ಕೆಂಪು. ಹುಳಿ-ಕ್ಷಾರ ಅಳೆಯುವ ಪಿ.ಎಚ್. ಲೆಕ್ಕದಲ್ಲಿ 7 ಅಂದರೆ ನಡುಮಟ್ಟ. ಸುಮಾರು 7.4 ದಾಟಿದರೆ ಅರಿಶಿಣ ಬಣ್ಣ ಬದಲಿಸತೊಡಗಿ, 8.6ರ ಹೊತ್ತಿಗೆ ಕೆಂಪಾಗುತ್ತದೆ. ಹೂವು-ಗಿಡಗಳ ರಸದ ಇಂಥ ಗುಣವನ್ನು ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ 1664ರಲ್ಲೇ ಬರೆದಿಟ್ಟ. ನಮ್ಮ ಹಿರಿಯರಿಗೂ ಇದು ಹೊಸತೇನಲ್ಲ. ಅರಿಶಿಣದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುತ್ತೇವಲ್ಲ, ಅದೂ ಇದೇ.

ಹಾಗಾದರೆ ಕುಪ್ಪಸಕ್ಕೇನು ಮಾಡಬೇಕು? ಸಬಕಾರ ಪೂರ್ತಿ ಹೋಗುವಂತೆ ಜಾಲಿಸಿ, ಕೆಂಪು ಮತ್ತೆ ಹಳದಿಯಾಗುತ್ತದೆ. ಉಳಿದ ಹಳದಿಯನ್ನು ಬಿಸಿಲು ತೆಗೆಯುತ್ತದೆ. ಒದ್ದೆ ಬಟ್ಟೆಯನ್ನೇ ಬಿಸಿಲಿಗೆ ಹರವಿ. ಬಣ್ಣದ ಸೀರೆಯಾದರೆ ಹೆಚ್ಚು ಹೊತ್ತು ಬಿಡಬೇಡಿ.

ಮಕ್ಕಳಿಗೂ ತೋರಿಸಿ: ಬಿಳಿ ಕಾಗದದ ಪಟ್ಟಿಯನ್ನು ಅರಿಶಿಣದ ನೀರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ. ಬಟ್ಟೆ ಸೋಡಾದ ನೀರು ತಾಗಿಸಿದರೆ ಕೆಂಪು. ಮೇಲೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಸುಣ್ಣ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಅಪಾಯ.

ಇನ್ನೊಂದು ಮಾತು, ಮುಖ್ಯವಾದದ್ದು. ಮನೆ ಬಾಗಿಲಿಗೆ ಬಂದವನೊಬ್ಬ ನಿಂಬೆಹಣ್ಣು ಕೊಯ್ದು ‘ರಕ್ತ’ ತೋರಿಸಿ, “ಮಗುವಿಗೆ ಮಾಟ ಆಗ್ಯಾದ, ಶಾಂತಿ ಮಾಡಿಸ್ಬೇಕು ತಾಯಿ” ಅನ್ನಬಹುದು. ಅವನ ಚಾಕುವಿಗೆ ದಾಸವಾಳದ ರಸ ಮೊದಲೇ ಸವರಿದ್ದರೆ ಸಾಕು, ನಿಂಬೆಯ ಹುಳಿಗೆ ಅದು ಕೆಂಪೇರುತ್ತದೆ. ನಿಮ್ಮ ಮನೆಯ ಚಾಕುವನ್ನೇ ತೊಳೆದು ಕೊಡಿ, ‘ರಕ್ತ’ ಬರುತ್ತದೋ ನೋಡಿ! ಮಾಟದ ಹೆಸರಲ್ಲಿ ಹೆದರಿಸಿ ಸುಲಿಯುವವರನ್ನು ತಡೆಯಲು ಕರ್ನಾಟಕದಲ್ಲಿ 2017ರ ಕಾಯ್ದೆಯೂ ಇದೆ.

ಮಗುವಿಗೆ ಜ್ವರ ಬಂದಿದ್ದರೆ ದವಾಖಾನೆಗೆ ಕರೆದೊಯ್ಯಿರಿ. ಕೊರಳಿನ ತಾಳಿ ಬಿಚ್ಚಿ ಕೊಡುವ ಮೊದಲು, ಅಡುಗೆಮನೆಯ ಅರಿಶಿಣದ ಡಬ್ಬಿ ಕಲಿಸಿದ ಪಾಠ ನೆನೆಯಿರಿ, ಅಕ್ಕತಂಗಿಯರೇ.