ಸೈರನ್ ಕೂಗಿದ್ದು ಬೆಕ್ಕಿಗೆ, ನಿದ್ದೆ ಕೆಟ್ಟದ್ದು ಓಣಿಗೆ!

ದಾವಣಗೆರೆ: ಮಂಡಿಪೇಟೆ ಕಡೆಯ ಒಂದು ಓಣಿಯಲ್ಲಿ ನಡುರಾತ್ರಿ ಸೈರನ್ ಕೂಗಿದರೆ ಈಗ ಯಾರೂ ಎದ್ದು ಬರುವುದಿಲ್ಲ. ಮೊದಲ ರಾತ್ರಿ ಎದುರು ಮನೆಯವರು ದೊಣ್ಣೆ ಹಿಡಿದೇ ಓಡಿಬಂದಿದ್ದರು. ಎರಡನೇ ರಾತ್ರಿ ಕಿಟಕಿಯಿಂದ ಇಣುಕಿದರು. ಮೂರನೇ ರಾತ್ರಿ ಹೊದಿಕೆ ಮುಖದ ಮೇಲೆ ಎಳೆದುಕೊಂಡರು. "ಅದು ಸಾವ್ಕಾರ್ರ ಅಂಗ್ಡೀದು ಬಿಡ್ರಿ, ದಿನಾ ಹಂಗೇ ಬಡ್ಕಂತೈತಿ" ಎಂದು ಹಾಲು ಹಾಕುವವನೂ ಹೇಳುತ್ತಾನೆ. ನಾಲ್ಕನೇ ದಿನ ಕಿರಾಣಿ ಅಂಗಡಿ ಸಾವ್ಕಾರ್ರು ತಾವೇ ಸ್ವಿಚ್ ಆರಿಸಿ ಮನೆಗೆ ಹೋದರು. ದುಡ್ಡು ಕೊಟ್ಟು ತಂದ ಕಾವಲುಗಾರ ಗೋಡೆಯ ಮೇಲೆಯೇ ನಿದ್ದೆ ಹೊಡೆಯತೊಡಗಿದ.

ಈ ಕಾವಲುಗಾರ ಅಂದರೆ ಮೋಷನ್ ಡಿಟೆಕ್ಟರ್. ಅಂಗೈಯಗಲದ ಬಿಳಿ ಡಬ್ಬಿ. ವೈರ್ ಎಳೆಯುವ ತಂಟೆಯಿಲ್ಲ, ಒಳಗೆ ಸೆಲ್ಲು, ರೇಡಿಯೋ ಅಲೆಯ ಮೂಲಕ ಪ್ಯಾನಲ್ಲಿಗೆ ಸುದ್ದಿ. ಗಮ್ ಟೇಪಿನಲ್ಲಿ ಅಂಟಿಸಿದರೆ ಆಯಿತು ಎಂದು ಮಾರುವವನು ಹೇಳುತ್ತಾನೆ. ಕೆಡುವುದು ಅಲ್ಲೇ.

ಶಟರಿಗೆ ಎರಡು ಬೀಗ ಜಡಿದಿದ್ದೇವಲ್ಲ, ಇದೆಲ್ಲ ಯಾಕೆ ಅನ್ನುವವರು ನಮ್ಮ ಜಿಲ್ಲೆಯ ನ್ಯಾಮತಿಯನ್ನು ನೆನೆಯಬೇಕು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕೆ.ಜಿ.ಗೂ ಮಿಕ್ಕಿ ಅಡವಿನ ಚಿನ್ನ ಹೋಯಿತು. ಕಳ್ಳರು ಬಂದದ್ದು ಮುಂಬಾಗಿಲಿನಿಂದಲ್ಲ, ಕಿಟಕಿಯಿಂದ. ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ, 2025ರಲ್ಲಿ ಆರೋಪಿಗಳನ್ನು ಹಿಡಿದು, ತಮಿಳುನಾಡಿನ ಬಾವಿಯಿಂದ ಚಿನ್ನ ಎತ್ತಿಸಿದರು. ಬ್ಯಾಂಕಿನ ಚಿನ್ನಕ್ಕೆ ಅಷ್ಟು ಹುಡುಕಾಟ ನಡೆಯಿತು, ಸರಿ. ನಿಮ್ಮ ಅಂಗಡಿಯ ಹತ್ತು ಡಬ್ಬಿ ಎಣ್ಣೆಗೆ, ಹಬ್ಬಕ್ಕೆಂದು ಸಾಲ ಮಾಡಿ ತಂದ ಮಾಲಿಗೆ ಯಾವ ಬಾವಿ ಇಳಿಯುತ್ತಾರೆ? ಹೆಂಚು ತೆಗೆದು, ಹಿಂದಿನ ಬೆಳಕಿಂಡಿ ಮುರಿದು ಬರುವವನಿಗೆ ಶಟರಿನ ಬೀಗದ ಹಂಗೇ ಇಲ್ಲ. ಒಳಗೆ ಬಂದವನನ್ನು ಕಾಣುವ ಕಣ್ಣೊಂದು ಬೇಕೇ ಬೇಕು.

ಆ ಕಣ್ಣು ಕಾಣುವುದು ರೂಪವನ್ನಲ್ಲ, ಬಿಸಿಯನ್ನು. ಮನುಷ್ಯನ ಮೈಯಿಂದ ಸದಾ ಹೊರಡುವ ಇನ್‌ಫ್ರಾರೆಡ್ ಕಿರಣ ನಮಗೆ ಕಾಣದು, ಡಬ್ಬಿಗೆ ಕಾಣುತ್ತದೆ. ಅದರ ಮುಂದಿನ ಗೀರುಗೀರಾದ ಪ್ಲಾಸ್ಟಿಕ್ ಹಾಳೆ ಬರೀ ಮುಚ್ಚಳವಲ್ಲ, ಫ್ರೆನೆಲ್ ಲೆನ್ಸ್. ಸುಮಾರು 200 ವರ್ಷದ ಹಿಂದೆ ಸಮುದ್ರದ ದೀಪಸ್ತಂಭಕ್ಕೆಂದು ಫ್ರಾನ್ಸ್ ದೇಶದ ಫ್ರೆನೆಲ್ ಮಾಡಿದ ಉಪಾಯ, ಇವತ್ತು ಬೆಲ್ಲದ ಅಂಗಡಿ ಕಾಯುತ್ತಿದೆ. ಈ ಹಾಳೆ ಕೋಣೆಯನ್ನು ಬೀಸಣಿಗೆಯಂತೆ ಪಟ್ಟಿ ಪಟ್ಟಿಯಾಗಿ ಹಂಚುತ್ತದೆ. ಬಿಸಿ ಮೈಯೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿತೋ, ಒಳಗಿನ ಸೆನ್ಸರಿಗೆ ಎಚ್ಚರ. ಹೀಗಾಗಿ ಎದುರಿನಿಂದ ನೇರ ಬರುವವನಿಗಿಂತ ಅಡ್ಡ ಹಾಯುವವನು ಬೇಗ ಸಿಕ್ಕಿಬೀಳುತ್ತಾನೆ.

ಇಷ್ಟು ತಿಳಿದು ಸಾವ್ಕಾರ್ರ ಅಂಗಡಿಗೆ ಹೋದರೆ ಕಂಡದ್ದೇನು? ಡಬ್ಬಿ ಅಕ್ಕಿ ಚೀಲದ ರಾಶಿಯ ಪಕ್ಕದಲ್ಲೇ ಅಂಟಿಕೊಂಡಿದೆ. ಇಲಿ ಹಿಡಿಯಲೆಂದು ಸಾಕಿದ ಬೆಕ್ಕು ರಾತ್ರಿಯಿಡೀ ಚೀಲದ ಮೇಲೆ ಗಸ್ತು ತಿರುಗುತ್ತದೆ. "ಬೆಕ್ಕು ನಾಯಿಗೆ ಹೊಡ್ಕಣಲ್ಲ ಅಂತ ಡಬ್ಬಿ ಮ್ಯಾಲೇ ಬರ್ದಾರಲ್ರೀ" ಎಂದು ಸಾವ್ಕಾರ್ರ ತಕರಾರು. ಬರೆದದ್ದು ಸುಳ್ಳಲ್ಲ, ಆದರೆ ಅದು ನೆಲದ ಮೇಲಿನ ಬೆಕ್ಕಿನ ಮಾತು. ಚೀಲ ಹತ್ತಿ ಲೆನ್ಸಿನ ಮೂಗಿನ ಮುಂದೆ ನಡೆದ ಬೆಕ್ಕು ಅದಕ್ಕೆ ಆಳೆತ್ತರದ ಕಳ್ಳನೇ. ಸಾಲದ್ದಕ್ಕೆ ಎದುರು ಗೋಡೆಯ ದೇವರ ಪಟದ ಮುಂದೆ ಎಣ್ಣೆ ದೀಪ. ಗಾಳಿಗೆ ತೊನೆಯುವ ಜ್ವಾಲೆಯೂ ಬಿಸಿಯೇ ತಾನೆ? ದೀಪ ಹಚ್ಚಬೇಡಿ ಅನ್ನುವುದು ನಮ್ಮ ಕೆಲಸವಲ್ಲ. ಡಬ್ಬಿಯನ್ನು ಆ ಕಡೆ ತಿರುಗಿಸಬೇಡಿ, ಅಷ್ಟೇ.

ಎಲೆಕ್ಟ್ರಿಷಿಯನ್ ಹುಡುಗ ಅದನ್ನು ಕಿತ್ತು, ಶಟರಿನ ಬದಿಯ ಮೂಲೆಗೆ, ನೆಲದಿಂದ ಏಳೂವರೆ ಅಡಿ ಎತ್ತರಕ್ಕೆ ಸ್ಕ್ರೂ ಹಾಕಿ ಕೂರಿಸಿದ. ಮುಖ ಒಳಗಡೆಗೆ, ಓರೆಯಾಗಿ. ಗಲ್ಲಾಪೆಟ್ಟಿಗೆಗೆ ಹೋಗುವವನು ಈಗ ಪಟ್ಟಿಗಳನ್ನು ಅಡ್ಡ ಹಾಯಲೇಬೇಕು. ಬಿಸಿಲು ಬೀಳುವ ಕಿಟಕಿ, ಫ್ರಿಜ್ಜಿನ ಹಿಂಭಾಗ, ತೂಗಾಡುವ ಕ್ಯಾಲೆಂಡರ್ ಇವುಗಳತ್ತಲೂ ಮುಖ ಬೇಡ. ಗಾಜಿನ ಬಾಗಿಲ ಆಚೆಗಿನ ಮೈಬಿಸಿ ಇದಕ್ಕೆ ಕಾಣುವುದಿಲ್ಲ. ಗಾಜಿನ ಶೋಕೇಸ್ ಹಿಂದೆ ಬಚ್ಚಿಟ್ಟರೆ ಕುರುಡನನ್ನು ಕಾವಲಿಗೆ ನಿಲ್ಲಿಸಿದಂತೆ.

ಪ್ಯಾನಲ್ಲಿಗೆ ಪರಿಚಯ ಮಾಡಿಸುವುದು ಸುಲಭ. ಪ್ಯಾನಲ್ಲಿನ ಕಲಿಕೆ ಗುಂಡಿ ಒತ್ತಿ, ಡಿಟೆಕ್ಟರಿನ ಮುಂದೆ ಕೈ ಆಡಿಸಿದರೆ 'ಬೀಪ್' ಅನ್ನುತ್ತದೆ. ಎಲ್ಲ ಮಾಡಲ್ಲಿಗೂ ಇದೇ ಕ್ರಮವಲ್ಲ, ಜೊತೆಗೆ ಬರುವ ಚೀಟಿ ಬಿಸಾಡಬೇಡಿ. ಪ್ಯಾನಲ್ಲನ್ನು ಮಾತ್ರ ಕಬ್ಬಿಣದ ಬೀರುವಿನೊಳಗೆ ಇಡುವ ಜಾಣರಿದ್ದಾರೆ. ತಗಡು ರೇಡಿಯೋ ಅಲೆಯನ್ನು ತಡೆಯುತ್ತದೆ, ಡಬ್ಬಿ ಕೂಗಿದ್ದು ಪ್ಯಾನಲ್ಲಿಗೆ ಮುಟ್ಟುವುದೇ ಇಲ್ಲ.

ಪರೀಕ್ಷೆಯಲ್ಲಿ ಒಂದು ಮೋಸವಿದೆ. ಒಮ್ಮೆ ನಡೆದರೆ ಹೊಡೆದುಕೊಳ್ಳುತ್ತದೆ, ಮರುಕ್ಷಣ ನಡೆದರೆ ಸುಮ್ಮನಿರುತ್ತದೆ. "ಕೆಟ್ಟೋಯ್ತು" ಎಂದು ಹಿಂದಿರುಗಿಸಲು ಓಡಬೇಡಿ. ಸೆಲ್ಲು ಉಳಿಸಲು ಬಹಳಷ್ಟು ಡಿಟೆಕ್ಟರುಗಳು ಒಮ್ಮೆ ಸುದ್ದಿ ಕಳಿಸಿ ಎರಡು ಮೂರು ನಿಮಿಷ ಮಲಗುತ್ತವೆ. ಪರೀಕ್ಷೆಯ ಸ್ವಿಚ್ ಹಾಕಿದರೆ ಈ ನಿದ್ದೆ ಇರದು. ಕೋಣೆಯ ಮೂಲೆ ಮೂಲೆಗೂ ನಡೆದು, ಬಗ್ಗಿ, ಚೀಲದ ಮರೆಯಿಂದ ಬಂದು ಕೆಂಪು ದೀಪ ಮಿನುಗುತ್ತದೋ ನೋಡಿ. ಮುಗಿದ ಮೇಲೆ ಸ್ವಿಚ್ ಹಿಂದಕ್ಕೆ ಹಾಕಿ, ಇಲ್ಲದಿದ್ದರೆ ಸೆಲ್ಲು ಬೇಗ ಸಾಯುತ್ತದೆ. ಮಾಲು ತುಂಬಿ ರಾಶಿಯ ಜಾಗ ಬದಲಾದಾಗೆಲ್ಲ ಈ ನಡಿಗೆ ಮತ್ತೆ ಆಗಬೇಕು.

ನಮ್ಮ ಬಯಲುಸೀಮೆಯ ಬೇಸಿಗೆಯ ಮಾತು ಬೇರೆ. ಏಪ್ರಿಲ್‌ನಲ್ಲಿ ತಗಡಿನ ಗೋದಾಮು ರಾತ್ರಿ ಹತ್ತಕ್ಕೂ ಕಾದೇ ಇರುತ್ತದೆ. ಗೋಡೆಯ ಬಿಸಿಯೂ ಮೈಯ ಬಿಸಿಯೂ ಒಂದೇ ಆದರೆ ಕಣ್ಣಿಗೆ ವ್ಯತ್ಯಾಸವೇ ಸಿಗದು. ಒಳ್ಳೆಯ ಡಿಟೆಕ್ಟರುಗಳು ಸೆಕೆ ನೋಡಿ ತಮ್ಮ ಸೂಕ್ಷ್ಮತೆಯನ್ನು ತಾವೇ ಹೆಚ್ಚಿಸಿಕೊಳ್ಳುತ್ತವೆ. ಅಗ್ಗದವು ಎಲ್ಲವೂ ಅಲ್ಲ. ಗೋದಾಮಿನವರು ಬೇಸಿಗೆಯಲ್ಲಿ, ಶಟರ್ ಹಾಕುವ ಹೊತ್ತಿಗೇ ಪರೀಕ್ಷೆ ಮಾಡಲಿ. ಡಿಸೆಂಬರ್ ಚಳಿಯಲ್ಲಿ ಎಂಥ ಡಬ್ಬಿಯೂ ಪಾಸಾಗುತ್ತದೆ.

ಕರೆಂಟ್ ಹೋದಾಗ ಪ್ಯಾನಲ್ಲಿಗೆ ಬ್ಯಾಟರಿ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ಮೊಬೈಲಿಗೆ ಫೋನ್ ಮಾಡುವ ಪ್ಯಾನಲ್ ಆದರೆ ಒಳಗೊಂದು ಸಿಮ್ ಇರುತ್ತದೆ. ಕರೆ ಬಂದಾಗ ಒಬ್ಬರೇ ಹೋಗಿ ಶಟರ್ ಎತ್ತಬೇಡಿ, 112ಕ್ಕೆ ಹೇಳಿ. ಅಂದಹಾಗೆ, ಸಾವ್ಕಾರ್ರ ಪ್ಯಾನಲ್ಲಿನ ಸಿಮ್‌ಗೆ ರೀಚಾರ್ಜ್ ಮುಗಿದು ಎಷ್ಟು ದಿನವಾಯಿತು ಎಂದು ಕೇಳಿದೆವು. "ಅದಕ್ಕೂ ಕರೆನ್ಸಿ ಹಾಕ್ಬೇಕೇನ್ರೀ?" ಅಂದರು.