ಕ್ಷ-ಕಿರಣ ವರದಿಗಳ ಶಬ್ದಾರ್ಥ ವಿಚಾರ

ಪಂಕಜವೆಂಬ ಶಬ್ದಕ್ಕೆ ಕೆಸರಿನಲ್ಲಿ ಹುಟ್ಟಿದುದು ಎಂಬುದು ಯೋಗಾರ್ಥ. ಕೆಸರಿನಲ್ಲಿ ಹುಟ್ಟುವ ಹುಳುವೂ ಹುಲ್ಲೂ ಉಂಟಾದರೂ ರೂಢಿಯಲ್ಲಿ ಆ ಶಬ್ದವು ಕಮಲವನ್ನೇ ಹೇಳುತ್ತದೆ. ಪ್ರತಿಯೊಂದು ಶಾಸ್ತ್ರಕ್ಕೂ ಹೀಗೆ ತನ್ನದೇ ಆದ ಶಬ್ದರೂಢಿಯಿದೆ. ಅದನ್ನರಿಯದೆ ನಿಘಂಟನ್ನು ಮಾತ್ರ ನೆಚ್ಚಿದರೆ ಅರ್ಥವು ಅನರ್ಥವಾಗುವುದು. ಕ್ಷ-ಕಿರಣ ಮತ್ತು ಸ್ಕ್ಯಾನಿಂಗ್ ವರದಿಗಳು ಇದಕ್ಕೆ ಉತ್ತಮ ನಿದರ್ಶನ. ಹಳ್ಳಿಯಲ್ಲಿ ಇಂಗ್ಲಿಷಿನ ಇಂತಹ ವರದಿ ಕೈಗೆ ಬಂದೊಡನೆ ಜನರು ಅನೇಕ ವೇಳೆ ಅದನ್ನು ಹಿಡಿದು ಬರುವುದು ಊರಿನ ಶಿಕ್ಷಕರ ಬಳಿಗೆ. ವೈದ್ಯರನ್ನು ಕಾಣುವವರೆಗೆ ಆ ಮನೆಯವರು ನೆಮ್ಮದಿಯಿಂದಿರುವುದೋ ನಿದ್ದೆಗೆಡುವುದೋ ಶಿಕ್ಷಕರ ಒಂದು ಮಾತನ್ನು ಅವಲಂಬಿಸಿರುತ್ತದೆ.

1895ನೆಯ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಈ ಕಿರಣವನ್ನು ಕಂಡುಹಿಡಿದರು. ಅದರ ಸ್ವರೂಪ ಅಜ್ಞಾತವಾಗಿದ್ದುದರಿಂದ ಗಣಿತದ ಅಜ್ಞಾತರಾಶಿಯ ಸಂಕೇತವಾದ 'ಎಕ್ಸ್' ಎಂಬುದನ್ನೇ ಹೆಸರಾಗಿಟ್ಟರು. ಕನ್ನಡದಲ್ಲಿ ಅದು 'ಕ್ಷ-ಕಿರಣ'ವಾಯಿತು. ಈ ಕಿರಣವು ಶ್ವಾಸಕೋಶದ ಗಾಳಿಯನ್ನು ಸುಲಭವಾಗಿ ಹಾಯ್ದು ಹೋಗುವುದರಿಂದ ಆ ಭಾಗ ಚಿತ್ರದಲ್ಲಿ ಕಪ್ಪಾಗಿಯೂ, ಎಲುಬು ಅದನ್ನು ತಡೆಯುವುದರಿಂದ ಎಲುಬಿನ ಭಾಗ ಬೆಳ್ಳಗೂ ಕಾಣುತ್ತದೆ. ಆದುದರಿಂದ ವರದಿಯ ಅನೇಕ ಶಬ್ದಗಳು ನೆರಳು ಬೆಳಕುಗಳ ವರ್ಣನೆಗಳೇ ಹೊರತು ರೋಗದ ಹೆಸರುಗಳಲ್ಲ.

ಎದೆಯ ವರದಿಯಲ್ಲಿ 'ಓಪ್ಯಾಸಿಟಿ' ಎಂದರೆ ಕಪ್ಪಾಗಿರಬೇಕಾದೆಡೆಯಲ್ಲಿ ತೋರಿದ ಬಿಳುಪು. ನ್ಯುಮೋನಿಯಾ, ಕ್ಷಯ, ತುಂಬಿದ ನೀರು, ಹಳೆಯ ಕಲೆ, ಗಡ್ಡೆ, ಇವುಗಳಲ್ಲಿ ಯಾವುದಾದರೂ ಅದಕ್ಕೆ ಕಾರಣವಾಗಿರಬಹುದು. 'ಲೀಷನ್' ಎಂಬುದಕ್ಕೆ ಲ್ಯಾಟಿನ್ ಮೂಲದಲ್ಲಿ ಗಾಯವೆಂದರ್ಥ. ವರದಿಯಲ್ಲಾದರೋ ಸುತ್ತಲಿನ ಸಹಜ ಭಾಗಕ್ಕಿಂತ ಭಿನ್ನವಾಗಿ ತೋರುವ ಯಾವುದೇ ಎಡೆ. ನಿರಪಾಯವಾದ ನೀರುಗುಳ್ಳೆಯೂ ಲೀಷನ್, ಅರ್ಬುದವೂ ಲೀಷನ್. ಶ್ವಾಸಕೋಶದಲ್ಲಿ 3 ಸೆಂಟಿಮೀಟರನ್ನು ಮೀರದ ದುಂಡನೆಯ ಗಂಟು 'ನಾಡ್ಯೂಲ್', ಮೀರಿದರೆ 'ಮಾಸ್'. 'ಕ್ಯಾಲ್ಸಿಫಿಕೇಷನ್' ಎಂಬುದು ಸುಣ್ಣದ ಅಂಶ ಸಂಚಯವಾಗಿರುವುದನ್ನು ಸೂಚಿಸುತ್ತದೆ. ಎಂದೋ ಬಂದು ಮಾಗಿದ ಕ್ಷಯದ ಗುರುತಾಗಿಯೂ ಅದು ಎದೆಯಲ್ಲಿ ಉಳಿದಿರಬಹುದು. ಬೆನ್ನೆಲುಬಿನ ವರದಿಯ 'ಡಿಜೆನರೇಟಿವ್ ಚೇಂಜಸ್' ಎಂಬುದಕ್ಕೆ ನಿಘಂಟು ಅವನತಿಯೆಂಬ ಅರ್ಥ ಕೊಟ್ಟು ಹೆದರಿಸೀತು. ಅದು ಬಹುಮಟ್ಟಿಗೆ ವಯೋಧರ್ಮದ ಸವೆತ, ನೋವಿಲ್ಲದವರಲ್ಲಿಯೂ ಕಾಣುವಂತಹುದು.

ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಕಿರಣದ ಬದಲು ಶಬ್ದತರಂಗದ ಮಾರ್ದನಿಯಿಂದ ಚಿತ್ರ ಮೂಡುತ್ತದೆ. ಮಾರ್ದನಿ ಹೆಚ್ಚಾಗಿ ಬೆಳಗಿದುದು 'ಹೈಪರ್‌ಎಕೋಯಿಕ್'. ಮಾರ್ದನಿಯೇ ಇಲ್ಲದೆ ಕಪ್ಪಾದುದು 'ಅನೆಕೋಯಿಕ್'. ಇಲ್ಲಿಯ ಗ್ರೀಕ್ 'ಅನ್' ಸಂಸ್ಕೃತದ 'ಅನ್' ಎಂಬಂತೆಯೇ ನಿಷೇಧಾರ್ಥಕ. ಸಾಮಾನ್ಯವಾಗಿ ಅಂತಹ ಎಡೆಯಲ್ಲಿರುವುದು ದ್ರವಪದಾರ್ಥ.

'ಅನ್‌ರಿಮಾರ್ಕಬಲ್' ಎಂಬ ಮಾತಂತೂ ವಿಶೇಷವಾಗಿ ಗಮನಾರ್ಹ. ಲೋಕದಲ್ಲಿ ಇದು ಅನಾದರದ ಮಾತು, ವರದಿಯಲ್ಲಿ ಶುಭವಾರ್ತೆ. ದೋಷವೆಂದು ಹೇಳತಕ್ಕದ್ದೇನೂ ಕಾಣಲಿಲ್ಲವೆಂದೇ ಅದರ ತಾತ್ಪರ್ಯ. ಕೊನೆಯಲ್ಲಿ ಬರುವ 'ಇಂಪ್ರೆಷನ್' ಎಂಬುದು ಚಿತ್ರವನ್ನು ನೋಡಿದ ತಜ್ಞರ ಅಭಿಪ್ರಾಯ. 'ಕ್ಲಿನಿಕಲ್ ಕೋರಿಲೇಷನ್' ಎಂದರೆ ಆ ಅಭಿಪ್ರಾಯವನ್ನು ರೋಗಿಯ ಲಕ್ಷಣಗಳೊಡನೆ ತಾಳೆ ನೋಡಬೇಕೆಂಬ ಸೂಚನೆ. 'ಕೆನಾಟ್ ಬಿ ರೂಲ್ಡ್ ಔಟ್' ಎಂಬುದು ರೋಗವಿದೆಯೆಂಬ ತೀರ್ಪಲ್ಲ. ಇಲ್ಲವೆನ್ನಲು ಈ ಚಿತ್ರವೊಂದೇ ಸಾಲದೆಂಬ ವಿವೇಕ.

ಹಗ್ಗವನ್ನು ಹಾವೆಂದು ಬಗೆದು ನಡುಗುವುದು ಒಂದು ಭ್ರಮೆಯಾದರೆ, ಹಾವನ್ನು ಹಗ್ಗವೆಂದು ನಂಬಿ ಹಿಡಿಯುವುದು ಇನ್ನೂ ಅಪಾಯಕರ. ವರದಿಯಲ್ಲಿ 'ನಾರ್ಮಲ್' ಎಂದಿದ್ದರೂ ಕಫದಲ್ಲಿ ರಕ್ತ ಕಾಣುತ್ತಿದ್ದರೆ, ದೇಹ ಕಾರಣವಿಲ್ಲದೆ ಕೃಶವಾಗುತ್ತಿದ್ದರೆ, ವೈದ್ಯರ ಬಳಿಗೆ ಮತ್ತೆ ಹೋಗಲೇಬೇಕು. ಹೋಗುವಾಗ ಹಳೆಯ ಚಿತ್ರಗಳನ್ನೂ ಒಯ್ಯತಕ್ಕದ್ದು. ಗಂಟು ಬೆಳೆದಿದೆಯೋ ಇದ್ದಂತೆಯೇ ಇದೆಯೋ ಎಂಬುದು ಹೋಲಿಕೆಯಿಂದಲೇ ತಿಳಿಯುವುದು. ಶಬ್ದದ ಅರ್ಥವನ್ನು ಬಿಡಿಸಿ ಹೇಳಿ, ರೋಗದ ನಿರ್ಣಯವನ್ನು ವೈದ್ಯರಿಗೆ ಬಿಟ್ಟು, ತಡಮಾಡದೆ ಅವರ ಬಳಿಗೆ ಕಳುಹಿಸುವ ಶಿಕ್ಷಕರು ವಿದ್ಯೆಯ ನಿಜವಾದ ಪ್ರಯೋಜನವನ್ನು ಸಾಧಿಸಿದವರಾಗುತ್ತಾರೆ.