ಗಿಟಾರು, ಟೈಪ್‌ರೈಟರು ಮತ್ತು ಒಂದು ರೇಡಿಯೊ ನಾಟಕ

1979ರ ಶರತ್ಕಾಲ. ಇಂಗ್ಲೆಂಡಿನ ನಾರ್ಫಕ್ ಸೀಮೆಗೆ ಇಪ್ಪತ್ನಾಲ್ಕರ ತರುಣನೊಬ್ಬ ಬಂದಿಳಿದ. ಬೆನ್ನಿಗೊಂದು ಚೀಲ, ಜೊತೆಗೆ ಗಿಟಾರು ಮತ್ತು ಪುಟ್ಟದೊಂದು ಟೈಪ್‌ರೈಟರು. ಹಾಡು ಕಟ್ಟಿ ಹೆಸರು ಮಾಡುವ ಆಸೆ ಕೈಗೂಡಿರಲಿಲ್ಲ. ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಸೃಜನಶೀಲ ಬರವಣಿಗೆಯ ಎಂ.ಎ.ಗೆ ಅರ್ಜಿ ಹಾಕುವಾಗ ಅವನು ಕಳಿಸಿದ್ದು ಕತೆಯನ್ನಲ್ಲ, ಒಂದು ರೇಡಿಯೊ ನಾಟಕವನ್ನು. ಸೀಟು ಸಿಕ್ಕಿತು. ಅಲ್ಲಿ ಕೂತು ಶುರುಮಾಡಿದ ಬರಹ 1982ರಲ್ಲಿ ‘ಎ ಪೇಲ್ ವ್ಯೂ ಆಫ್ ಹಿಲ್ಸ್’ ಕಾದಂಬರಿಯಾಗಿ ಹೊರಬಂತು. 2017ರಲ್ಲಿ ನೊಬೆಲ್ ಪಡೆದ ಕಜುವೊ ಇಷಿಗುರೊ ಅವರೇ ಆ ತರುಣ.

ಹಾಡು ಬರೆದ ವರ್ಷಗಳು ದಂಡವಾಗಲಿಲ್ಲ ಎಂದು ಇಷಿಗುರೊ ಹೇಳುತ್ತ ಬಂದಿದ್ದಾರೆ. ಹಾಡಿನಲ್ಲಿ ಜಾಗ ಕಡಿಮೆ. ಹೇಳಬೇಕಾದ್ದರ ಬಹುಪಾಲು ಮಾತಿನ ಅಡಿಯಲ್ಲೇ ಉಳಿಯಬೇಕು. ಅವರ ಕಾದಂಬರಿಗಳ ನಿರೂಪಕರು ಮುಖ್ಯವಾದದ್ದನ್ನು ನುಂಗಿಕೊಂಡು ಇನ್ನೇನೋ ಮಾತಾಡುವುದನ್ನು ಓದಿದವರಿಗೆ ಆ ಬೇರು ಕಾಣುತ್ತದೆ.

ಆ ತರಗತಿಯನ್ನು 1970ರಲ್ಲಿ ಆರಂಭಿಸಿದವರು ಮಾಲ್ಕಂ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್. ಮೊದಲ ವರ್ಷ ಸೇರಿದ್ದು ಒಬ್ಬನೇ ವಿದ್ಯಾರ್ಥಿ, ಇಯಾನ್ ಮೆಕ್‌ಇವಾನ್! ಇಂದು ಅಲ್ಲಿ ಕಾದಂಬರಿ, ಕಾವ್ಯ, ನಾಟಕ-ಚಿತ್ರಕತೆ, ಜೀವನಚರಿತ್ರೆ ಎಂದು ಕವಲುಗಳಿವೆ.

ಬ್ರಾಡ್‌ಬರಿ ಎಂಬ ಹೆಸರು ಕನ್ನಡಿಗರಿಗೆ ಬೇರೊಂದು ಕಾರಣಕ್ಕೆ ಗೊತ್ತು. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌.ಡಿ.ಗೆ ಓದುತ್ತಿದ್ದಾಗ ಅವರಿಗೆ ಮೇಷ್ಟ್ರಾಗಿದ್ದವರು ಇವರೇ. ಇಬ್ಬರೂ ಮಧ್ಯಯುಗದಲ್ಲಿ ನಡೆಯುವ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿ ಮಾತಿಗಿಳಿದರು. ಯುರೋಪಿನವನು ಮಧ್ಯಯುಗವನ್ನು ಪುಸ್ತಕದಿಂದ ಹೆಕ್ಕಿ ಕಟ್ಟಬೇಕು, ಭಾರತೀಯನಿಗೆ ಹಲವು ಕಾಲಗಳು ಒಟ್ಟೊಟ್ಟಿಗೇ ಜೀವಂತವಾಗಿವೆ ಎಂಬ ಕಡೆ ಮಾತು ಹೊರಳಿತು. ಅದರ ಬೆನ್ನಲ್ಲೇ ‘ಸಂಸ್ಕಾರ’ ಬರೆದದ್ದನ್ನು ಅನಂತಮೂರ್ತಿಯವರೇ ಹಲವು ಕಡೆ ನೆನೆದಿದ್ದಾರೆ. ಪದವಿಗೆ ಬೇಕಿದ್ದದ್ದು ಪ್ರಬಂಧ, ಬಂದದ್ದು ಕಾದಂಬರಿ. ಅದಕ್ಕೆ ಯಾವ ವಿಶ್ವವಿದ್ಯಾಲಯವೂ ಅಂಕ ಕೊಡಲಿಲ್ಲ ಅನ್ನುವುದು ಬೇರೆ ಮಾತು.

ಪದವಿ ಮಟ್ಟಕ್ಕೆ ಬಂದರೆ, ಅಮೆರಿಕದ ಕಾಲೇಜುಗಳಲ್ಲಿ ಸೃಜನಶೀಲ ಬರವಣಿಗೆಯ ಆರಂಭಿಕ ತರಗತಿ ಸಾಮಾನ್ಯವಾಗಿ ಒಂದೇ ಪ್ರಕಾರಕ್ಕೆ ಕಟ್ಟುಬೀಳುವುದಿಲ್ಲ. ಒಂದೇ ಸೆಮಿಸ್ಟರಿನಲ್ಲಿ ಪದ್ಯ, ಕತೆ, ಸ್ವಂತ ಬದುಕಿನ ಗದ್ಯ, ಎಷ್ಟೋ ಕಡೆ ನಾಟಕದ ಒಂದು ದೃಶ್ಯ. ಇದು ಎಲ್ಲದರ ರುಚಿ ನೋಡಿಸುವ ಪ್ರಸಾದ ವಿನಿಯೋಗದಂತೆ ಕಂಡೀತು. ಅದರ ಮರ್ಮ ಬೇರೆ.

ಒಂದು ಪ್ರಸಂಗ ತೆಗೆದುಕೊಳ್ಳೋಣ. ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಮಗನನ್ನು ಬೆಂಗಳೂರಿನ ಬಸ್ಸು ಹತ್ತಿಸುತ್ತಿದ್ದಾನೆ. ಹಿಂದಿನ ರಾತ್ರಿ ಇಬ್ಬರಿಗೂ ಜಗಳವಾಗಿದೆ. ಕತೆ ಬರೆಯುವ ಹುಡುಗಿ ‘ಅಪ್ಪನಿಗೆ ಪಶ್ಚಾತ್ತಾಪವಾಯಿತು’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಅದನ್ನೇ ನಾಟಕ ಮಾಡು ಎಂದಾಗ ಆ ವಾಕ್ಯ ಕೆಲಸಕ್ಕೆ ಬಾರದು. ರಂಗದ ಮೇಲೆ ಪಶ್ಚಾತ್ತಾಪವನ್ನು ಯಾರೂ ನೋಡಲಾರರು. ಅಪ್ಪ ಏನಾದರೂ ಮಾಡಬೇಕು. “ಬುತ್ತಿ ಗಂಟು ಇಟ್ಕೊಂಡಿಯೇನು?” ಎಂದು ಎರಡು ಸಲ ಕೇಳಬೇಕು, ಮಗ “ಹೂಂ” ಎಂದು ಬೇರೆಲ್ಲೋ ನೋಡಬೇಕು. ಪದ್ಯಕ್ಕೆ ಬಂದರೆ ಜಗಳದ ಕಾರಣವೇ ಬಿದ್ದುಹೋಗಿ ತೊಡೆಯ ಮೇಲಿನ ಬುತ್ತಿ ಗಂಟಿನ ಬಿಸಿ ಮಾತ್ರ ಉಳಿಯಬಹುದು. ನಾಲ್ಕನೆಯದು ಸ್ವಾನುಭವದ ಪ್ರಬಂಧ, ಎಲ್ಲಕ್ಕಿಂತ ಕಷ್ಟದ್ದು. ನಿಜವಾಗಿ ನಡೆದದ್ದಾದರೆ ಅಪ್ಪನೂ ಅದನ್ನು ಓದುತ್ತಾನಲ್ಲ! ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬ ಲೆಕ್ಕ ಒಪ್ಪಿಸಬೇಕಾಗುತ್ತದೆ. ನಾಲ್ಕೂ ಮುಗಿಸಿ ಮತ್ತೆ ಕತೆಗೆ ಕೈಹಚ್ಚುವಾಗ ‘ಪಶ್ಚಾತ್ತಾಪ’ ಎಂಬ ಪದವನ್ನು ಹೊಡೆದುಹಾಕಲು ಮೇಷ್ಟ್ರು ಹೇಳಬೇಕಾಗಿಲ್ಲ.

ಗಿರೀಶ ಕಾರ್ನಾಡರು ಇಂಥ ಯಾವ ತರಗತಿಯಲ್ಲೂ ಕೂತವರಲ್ಲ. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ಅವರಿಗೆ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ ಒದಗಿಬಂದದ್ದು ಕನ್ನಡದ ಸಂಭಾಷಣೆ, ಅದು ‘ಯಯಾತಿ’ಯಾಯಿತು. ತನ್ನ ಪ್ರಕಾರ ಯಾವುದೆಂದು ಬರೆಯುವವನಿಗೇ ತಡವಾಗಿ ಗೊತ್ತಾಗುವುದುಂಟು.

ತರಗತಿಯಲ್ಲಿ ನಡೆಯುವುದಾದರೂ ಏನು? ಬರಹದ ಪ್ರತಿಗಳನ್ನು ಮೊದಲೇ ಎಲ್ಲರಿಗೂ ಹಂಚುತ್ತಾರೆ. ಮುಂದಿನ ವಾರ ಎಲ್ಲರೂ ಓದಿಕೊಂಡು ಬಂದು ಸುತ್ತ ಕೂತು ಬಿಡಿಸಿ ಬಿಡಿಸಿ ಮಾತಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ಬರೆದವರು ಬಾಯಿ ಬಿಡುವಂತಿಲ್ಲ. ‘ನಾನು ಹೇಳಹೊರಟದ್ದು ಅದಲ್ಲ’ ಎನ್ನಲು ಪುಸ್ತಕದ ಜೊತೆ ಲೇಖಕ ಹೋಗಲಾರನಲ್ಲ ಎಂಬುದು ಅದರ ತರ್ಕ. ತರ್ಕ ಸರಿ, ಆದರೆ ಸುತ್ತ ಕೂತವರೆಲ್ಲ ಒಂದೇ ಬಗೆಯ ಮನೆಗಳಿಂದ ಬಂದವರಾಗಿದ್ದರೆ?

ಸಾಂಡ್ರಾ ಸಿಸ್ನೆರೋಸ್‌ಗೆ ಆದದ್ದು ಅದೇ. ಈ ಪದ್ಧತಿಗೆ ಹೆಸರಾದ, 1936ರಲ್ಲಿ ಶುರುವಾದ ಅಯೋವಾ ರೈಟರ್ಸ್ ವರ್ಕ್‌ಶಾಪಿಗೆ 1970ರ ದಶಕದಲ್ಲಿ ಆಕೆ ಕಾವ್ಯ ಕಲಿಯಲು ಹೋದಳು. ಒಂದು ದಿನ ಫ್ರೆಂಚ್ ಚಿಂತಕ ಗಾಸ್ತೋಂ ಬಾಶಲಾರ್‌ನ ಪುಸ್ತಕ ಹಿಡಿದು ಮನೆಯ ಕುರಿತು ಚರ್ಚೆ. ಅಟ್ಟ, ನೆಲಮಾಳಿಗೆ, ಬಾಲ್ಯದ ಮೂಲೆಗಳು ಎಂದು ಉಳಿದವರು ತನ್ಮಯರಾಗಿದ್ದರು. ಶಿಕಾಗೊದ ಬಾಡಿಗೆ ಮನೆಗಳಲ್ಲಿ ಬೆಳೆದ ಮೆಕ್ಸಿಕನ್ ಮೂಲದ ಈ ಹುಡುಗಿಗೆ ಅಂಥ ಮನೆಯೇ ಇರಲಿಲ್ಲ. ನಾಚಿಕೆ ಸಿಟ್ಟಾಯಿತು, ಸಿಟ್ಟು ಬರಹವಾಯಿತು. 1984ರಲ್ಲಿ ಬಂದ ‘ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್’ ಪದ್ಯವೆನ್ನಲಾಗದ, ಪೂರ್ತಿ ಕತೆಯೂ ಅಲ್ಲದ ಪುಟ್ಟ ಪುಟ್ಟ ತುಣುಕುಗಳ ಪುಸ್ತಕ. ಇದರ ಕೀರ್ತಿ ತರಗತಿಗೆ ಸಲ್ಲಬೇಕೋ, ತರಗತಿಯ ಮೇಲಿನ ಕೋಪಕ್ಕೋ?

ಇನ್ನು ನಮ್ಮ ತರಗತಿಗಳತ್ತ ನೋಡಿದರೆ, ಹೈಸ್ಕೂಲಿನ ಮಕ್ಕಳೂ ಷಟ್ಪದಿಗೆ ಪ್ರಸ್ತಾರ ಹಾಕಿ ಗಣ ವಿಂಗಡಿಸುತ್ತಾರೆ. ಗುರು, ಲಘು ತಪ್ಪದೆ ಗುರುತಿಸಿದರೆ ಅಂಕ ಖಾತ್ರಿ. ಆದರೆ ‘ನಾಳೆ ನೀನೇ ಒಂದು ಭಾಮಿನಿ ಬರೆದು ತಾ’ ಎನ್ನುವ ಮೇಷ್ಟ್ರು ಅಪರೂಪ. ಕೈಕಾಲು ಬಿಡಿಸಿ ನೋಡಿದ ಮೇಲೆ ಜೋಡಿಸಿಯೂ ನೋಡಬೇಡವೆ? ವಿಷಯ ದೊಡ್ಡದಾಗಬೇಕಿಲ್ಲ, ಇಂದಿನ ತರಕಾರಿ ಸಂತೆಯೇ ಸಾಕು. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಓಟದಲ್ಲಿ ಟೊಮೆಟೊ, ಬದನೆ, ಸೌತೆ ಮೂರರ ಗಣಕ್ಕೆ ಸಲೀಸಾಗಿ ಕೂರುತ್ತವೆ. ತಕರಾರು ತೆಗೆಯುವುದು ಐದು ಮಾತ್ರೆಯ ಈರುಳ್ಳಿ. ನಾಲ್ಕರ ಗಣದಲ್ಲಿ ಕೂರಿಸಹೋದರೆ ಅದರ ಬಾಲ ಮುಂದಿನ ಗಣಕ್ಕೆ ಜಾರುತ್ತದೆ.